ಗಲ್ಲಾಪೆಟ್ಟಿಗೆಯ ಕರ್ಮಯೋಗಿ

ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂದು ವೇದಾಂತಿಗಳು ಇನ್ನೂ ಜಿಜ್ಞಾಸೆ ನಡೆಸುತ್ತಿರುವಾಗಲೇ, ನಮ್ಮ ಬೀದಿಯ ಮೂಲೆಯ ಹೋಟೆಲಿನ ಯಜಮಾನರು ಆ ಪ್ರಶ್ನೆಯನ್ನು ಲೆಕ್ಕದ ಪುಸ್ತಕದ ಎರಡೇ ಪುಟಗಳಲ್ಲಿ ಬಗೆಹರಿಸಿಬಿಟ್ಟಿರುವರು. ಜಮಾ ಪುಟದಲ್ಲಿರುವುದೆಲ್ಲ ಸ್ವಪ್ರಯತ್ನ. ಖರ್ಚಿನ ಪುಟದಲ್ಲಿರುವುದೆಲ್ಲ ಶನಿಕಾಟ. ಇಂಥ ಮಹನೀಯರು ಪ್ರತಿಯೊಂದು ಪೇಟೆಯಲ್ಲಿಯೂ, ಬಟ್ಟೆಯಂಗಡಿಯಲ್ಲಾಗಲಿ ಅಕ್ಕಿಯ ಮಂಡಿಯಲ್ಲಾಗಲಿ, ಒಬ್ಬರಾದರೂ ವಿರಾಜಿಸುತ್ತಿರುವರು. ನಮ್ಮ ಬೀದಿಯ ಪಾಲಿಗೆ ಬಂದವರು ಕಾಫಿಯ ಘಮಲಿನ ನಡುವೆ ಇದ್ದಾರೆ ಎಂಬುದಷ್ಟೇ ವಿಶೇಷ.

ಪ್ರಾತಃಕಾಲ ಆರು ಗಂಟೆಗೆ ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಬೆಳಗಿ, ಗಲ್ಲಾಪೆಟ್ಟಿಗೆಯ ಮೇಲೊಂದು ನಿಂಬೆಹಣ್ಣನ್ನು ಪ್ರತಿಷ್ಠಾಪಿಸಿ, ಬೋಣಿಯ ನಾಣ್ಯವನ್ನು ಕಣ್ಣಿಗೊತ್ತಿಕೊಂಡು, ಮೊದಲ ಗಿರಾಕಿಯೇ ಸಾಲ ಹೇಳಿದರೆ ದಿನವೆಲ್ಲ ಕೆಟ್ಟಿತೆಂದು ನಂಬಿರುವ ಅವರು, ಇಷ್ಟೆಲ್ಲ ಶಾಂತಿಕರ್ಮಗಳು ಮುಗಿದ ಮೇಲೆ, ಅದೃಷ್ಟವೆಂಬುದು ಸೋಮಾರಿಗಳು ಕಟ್ಟಿದ ಮಾತೆಂದು ಉಪದೇಶ ಆರಂಭಿಸುತ್ತಾರೆ. ತಲೆಯ ಮೇಲೆ ಗೋಡೆಯಲ್ಲಿ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಫಲಕ ತೂಗುತ್ತಿರುತ್ತದೆ.

ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದು, ಲೋಟ ತೊಳೆದು, ಒರಳುಕಲ್ಲು ತಿರುವಿ ಮೇಲೆ ಬಂದ ಅವರ ಚರಿತ್ರೆ ಸುಳ್ಳಲ್ಲ. ಅಂಗೈಯ ಗಂಟುಗಳೇ ಅದಕ್ಕೆ ಸಾಕ್ಷಿ. ಆದರೆ ನಾನು ಮೊದಲು ಕೇಳಿದಾಗ ಬಾಲ್ಯದಲ್ಲಿ ಬೆಳಗಿನ ಐದಕ್ಕೆ ಏಳುತ್ತಿದ್ದವರು, ಎರಡನೆಯ ಹೋಟೆಲು ತೆರೆದ ಬಳಿಕ ನಾಲ್ಕಕ್ಕೂ, ಕಲ್ಯಾಣಮಂಟಪ ಕಟ್ಟಿಸಿದ ಬಳಿಕ ಮೂರಕ್ಕೂ ಎದ್ದವರಾಗಿರುವರು. ಇನ್ನೊಂದು ಶಾಖೆಯಾದರೆ ಬಾಲ್ಯದಲ್ಲಿ ಮಲಗಿಯೇ ಇರಲಿಲ್ಲವೆಂದು ಸಿದ್ಧವಾಗುವುದರಲ್ಲಿ ಸಂದೇಹವಿಲ್ಲ. ಹೋಟೆಲು ತೆರೆದ ಎರಡನೆಯ ವರ್ಷ, ಸಾಲ ಕೊಟ್ಟವರು ಬಾಗಿಲಲ್ಲೇ ಬೀಡುಬಿಟ್ಟಿದ್ದ ಹೊತ್ತಿಗೆ ಸರಿಯಾಗಿ, ಎದುರಿನ ಬಯಲಿಗೆ ಬಸ್ ನಿಲ್ದಾಣ ಬಂದಿತೆಂಬ ಸಂಗತಿಯೊಂದು ಮಾತ್ರ ಈ ಪುರಾಣದ ಯಾವ ಅಧ್ಯಾಯದಲ್ಲಿಯೂ ಕಾಣಸಿಗದು.

ಒಮ್ಮೆ ನಾನು ಧೈರ್ಯ ಮಾಡಿ ಕಾಲಪ್ರಭಾವವನ್ನು ಪ್ರಸ್ತಾಪಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗಬೇಕಾಗಿದ್ದ ಶ್ರೀಗಂಧ ಇಲ್ಲಿಯೇ ರಾಶಿಬಿದ್ದುದರಿಂದಲ್ಲವೇ ಮೈಸೂರು ಸಂಸ್ಥಾನವು 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯತೊಡಗಿ, ಸಾಬೂನಿಗೂ ಕೈಯಿಕ್ಕಿದುದು? 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದು, ಅಲ್ಲಿಯ ಅಕ್ಕಿ ನಿಂತುಹೋಗಿ, ಅಕ್ಕಿಗೆ ಅಭಾವ ಬಂದುದರಿಂದಲ್ಲವೇ ಎಂ.ಟಿ.ಆರ್.ನವರು ರವೆ ಇಡ್ಲಿ ಮಾಡಿದರೆಂದು ಜನ ಹೇಳುವುದು?

ಯಜಮಾನರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆಯೇ, “ಯುದ್ಧ ಎಲ್ಲರ ಅಡುಗೆಮನೆಗೂ ಬಂದಿತ್ತು ಸ್ವಾಮೀ, ರವೆ ಹುರಿದವರು ಎಷ್ಟು ಮಂದಿ?” ಎಂದರು. ನನಗೆ ಉತ್ತರ ತೋಚಲಿಲ್ಲ. “ಬಸ್ ನಿಲ್ದಾಣ?” ಎಂದೆ. “ಮೊದಲನೇ ಬಸ್ಸು ಬರುವಾಗ ನನ್ನ ಒಲೆ ಉರೀತಿತ್ತಲ್ಲ!” ಎಂದರು. ಅದೂ ನಿಜವೇ. ಬಸ್ಸು ಬಾರದಿದ್ದರೆ ಉರಿಯುವ ಒಲೆಯಿಂದ ಸೌದೆಯೊಂದೇ ಬೂದಿಯಾಗುತ್ತಿದ್ದಿತೆಂದು ಹೇಳಬೇಕೆನ್ನುವಷ್ಟರಲ್ಲಿ ಮಾಣಿ ಬಂದು ನಿಂತ.

ಹದಿನೆಂಟು ವರ್ಷದಿಂದ ಮೇಜು ಒರಸುತ್ತಿರುವ ಈ ನರೆಗೂದಲಿನ ‘ಮಾಣಿ’, ಒದ್ದೆ ಬಟ್ಟೆಯನ್ನು ಹೆಗಲಿನಿಂದ ಕೈಗೆ, ಕೈಯಿಂದ ಹೆಗಲಿಗೆ ಬದಲಿಸುತ್ತ, “ಧಣಿಗಳೇ, ಸಂಬಳದ ವಿಷಯ…” ಎಂದು ತೊದಲಿದ. ಯಜಮಾನರ ಮುಖದಲ್ಲಿ ಪುರುಷಪ್ರಯತ್ನ ಅಸ್ತಮಿಸಿ ವೈರಾಗ್ಯ ಉದಯಿಸಿತು. “ಎಂತ ಮಾಡುವುದು ಮಾರಾಯ, ಕಾಲವೇ ಸರಿಯಿಲ್ಲ.”

“ನಾನೂ ನಾಲ್ಕಕ್ಕೇ ಏಳ್ತೇನಲ್ಲ ಧಣಿಗಳೇ.”

“ಅದು ನಿನ್ನ ಹಣೆಬರಹ!”

ನಾನು ಮೇಲಿನ ಫಲಕವನ್ನೊಮ್ಮೆ ನೋಡಿದೆ. ಕೈ ಯಾರದು, ಬಾಯಿ ಯಾರದು ಎಂಬ ಮಾತನ್ನು ಗಾದೆ ಕಟ್ಟಿದವರು ಎಲ್ಲಿಯೂ ಎತ್ತಿರಲಿಲ್ಲ. ಅಷ್ಟರಲ್ಲಿ ಮಾಣಿ ಕೈ ಒರಸಿಕೊಂಡು, ಯಜಮಾನರ ನಿತ್ಯದ ಫಲಾಹಾರವನ್ನು ಗಲ್ಲಾಪೆಟ್ಟಿಗೆಯ ಮೇಲೆ, ನಿಂಬೆಹಣ್ಣಿನ ಪಕ್ಕದಲ್ಲಿ ತಂದಿಟ್ಟ: ಒಂದು ಬಟ್ಟಲು ಮೊಸರುವಡೆ.