ಬಳ್ಳಿ ಕೊಟ್ಟ ಬೀಗರು

ಮಲ್ಲಿಗೆ ಸಸಿಯನ್ನು ನರ್ಸರಿಯಲ್ಲಿ ದುಡ್ಡು ಕೊಟ್ಟೇ ತನ್ನಿ. ಯಾರಾದರೂ ಪುಕ್ಕಟೆ ಕೊಡುತ್ತೇನೆಂದರೆ ಕೈಮುಗಿದು ಬೇರೆ ಓಣಿ ಹಿಡಿಯಿರಿ. ಬಳ್ಳಿ ಕೊಟ್ಟವರು ಮಗಳನ್ನು ಕೊಟ್ಟವರಾಗಿಬಿಡುತ್ತಾರೆ.

ಮದ್ದಿಕೇರದಲ್ಲಿ ನನಗೆ ಒದಗಿದ ಬೀಗರು ಹಿಂದಿನ ಓಣಿಯ ನಿವೃತ್ತ ಮೇಷ್ಟ್ರು. "ಹೂವಿನ ಹಡಗಲಿ ಮನೆತನರೀ ಇದು. ಅರಸರ ಕಾಲದಾಗ ಹಂಪಿಗೆ ಹೂ ಕಳಿಸಿದ ಊರಂತ. ಈಗ ಜಿಐ ಮಾನ್ಯತೆನೂ ಐತಿ" ಎಂದು ಗೋತ್ರ ಒಪ್ಪಿಸಿ, ಬೇರುಬಿಟ್ಟ ಗೇಣುದ್ದದ ಕಡ್ಡಿಯೊಂದನ್ನು ಕೈಗಿಟ್ಟರು. ಮುಂಗಾರಿನ ಮೊದಲ ಮಳೆಗೆ ಗುಂಡಿ ತೋಡಿದೆ. ಆ ದಿನಗಳಲ್ಲಿ ತುಗ್ಗಲಿ, ಜೊನ್ನಗಿರಿ ಕಡೆ ಹೊಲಗಳಲ್ಲಿ ಜನ ವಜ್ರ ಹುಡುಕುತ್ತ ನಡು ಬಾಗಿಸಿರುತ್ತಾರೆ. ಅತ್ತ ಹೋಗುತ್ತಿದ್ದ ಇಬ್ಬರು ನನ್ನ ಗುಂಡಿಯನ್ನೂ ಇಣುಕಿ, ನಿಟ್ಟುಸಿರಿಟ್ಟು ನಡೆದರು.

ಮಾರನೆಯ ದಿನದಿಂದ ತಪಾಸಣೆ. ಹಾಲಿನವನಿಗಿಂತ ಮೊದಲೇ ಗೇಟಿನ ಸದ್ದು. ಚಹಾ ಬೇಡ, ಕುರ್ಚಿ ಬೇಡ. ಹೆಬ್ಬೆರಳಿನ ಉಗುರಿನಿಂದ ಕಾಂಡ ಗೀರಿ, ಒಳಗೆ ಹಸಿರಿದೆಯೇ ನೋಡಬೇಕು. ಹೀಗೆ ದಿನಾ ಗೀರಿದರೆ ನಾನೂ ಒಣಗುತ್ತಿದ್ದೆ. ಎರಡು ತಿಂಗಳಿಗೆ ಎಲೆಗಳು ಹಳದಿಗೆ ತಿರುಗಿದವು, ನರಗಳು ಮಾತ್ರ ಹಸಿರು. "ಏನ್ರೀ, ಹುಡುಗಿ ಬಿಳಚಿಕೊಂಡಾಳ! ಹೊಟ್ಟಿಗೆ ಹಾಕ್ತೀರೋ ಇಲ್ಲೋ?" ಒಳಗಿದ್ದ ನನ್ನಾಕೆ, ಕೇಳುವವರೊಬ್ಬರಾದರೂ ಇದ್ದಾರಲ್ಲ ಎಂದುಕೊಂಡಳು. ಎರೆಮಣ್ಣಿನ ಸುಣ್ಣ ಬೇರಿಗೆ ಕಬ್ಬಿಣ ದಕ್ಕಗೊಡುವುದಿಲ್ಲವಂತೆ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಕರಗಿಸಿ ತಾವೇ ನಾಲ್ಕಾರು ಸಲ ಸಿಂಪಡಿಸಿದರು. ಎಲೆ ಹಸಿರಾಯಿತು. ಅವರು ಹೇಳಿದ್ದು ನಿಜವಾಗುತ್ತಿದ್ದುದೇ ನನಗೆ ದೊಡ್ಡ ಸಂಕಟ.

ಎರಡನೇ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಆದೋನಿಗೆ ಹೋಗಿ ಬರುವಷ್ಟರಲ್ಲಿ, ಚಪ್ಪರ ಏರಿದ್ದ ಬಳ್ಳಿ ಮೊಳಕಾಲೆತ್ತರದ ಮೋಟಾಗಿ ನಿಂತಿತ್ತು. "ಹೊಸ ಚಿಗುರಿಗೇ ಹೂ ಬರೋದು. ನಿಮ್ಮ ಕೈಗೆ ಕತ್ತರಿ ಕೊಟ್ಟಿದ್ರ ತುದಿ ಚಿವುಟಿ ಬಿಡ್ತಿದ್ರಿ." ನಾನು ಎರಡು ವಾರ ಮಾತು ಬಿಟ್ಟೆ, ಅವರಿಗದು ತಿಳಿಯಲೇ ಇಲ್ಲ, ಬಂದು ಬಳ್ಳಿಯೊಂದಿಗೆ ಮಾತಾಡಿ ಹೋಗುತ್ತಿದ್ದರು. ಬೇಸಿಗೆಗೆ ಮೊಗ್ಗು ಎಲೆಯನ್ನೇ ಮುಚ್ಚಿತು. ಕರೆಂಟು ಹೋದ ರಾತ್ರಿ ಅಂಗಳದಲ್ಲಿ ಮಂಚ ಹಾಕಿ ಮಲಗಿದರೆ ಫ್ಯಾನು ನೆನಪಾಗದು.

ಒಂದು ಮೊಳ ಕಟ್ಟಿಸಿಕೊಂಡು ಅವರ ಮನೆಗೆ ಹೋದಾಗ ಕಂಡೆ: ಮಗ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದಾನೆ. ತಾಯಿಬಳ್ಳಿ ಇದ್ದ ಜಾಗದಲ್ಲಿ ಬೈಕು. ಊರಲ್ಲಿ ಐದು ಮನೆಗೆ ಹೆಣ್ಣು ಕೊಟ್ಟಿದ್ದಾರಂತೆ, ದಿನವೂ ಸುತ್ತು.

ಕಳೆದ ಮಳೆಗಾಲ ನಾನೂ ಒಂದು ಕೊಂಬೆಯನ್ನು ಮಣ್ಣಿಗೆ ಬಾಗಿಸಿ, ಬೇರು ಬರಿಸಿ, ಗುಂತಕಲ್ಲಿನ ಸ್ನೇಹಿತರಿಗೆ ಕೊಟ್ಟೆ. ಈ ತಿಂಗಳು ಮೂರು ಸಲ ಗುಂತಕಲ್ಲಿಗೆ ಹೋಗಿ ಬಂದಿದ್ದೇನೆ. ಅಲ್ಲಿ ನನಗೆ ಬೇರೆ ಕೆಲಸವೇನೂ ಇರಲಿಲ್ಲ.