ಫ್ರಿಜ್ ಹೋಯ್ತು, ಮ್ಯಾಗ್ನೆಟ್ ಉಳೀತು

ಮಿನಿಯಾಪೊಲಿಸ್‌ನ ನಮ್ಮ ಪಕ್ಕದ ಮನೆಯ ಅಜ್ಜ ನಿವೃತ್ತ ಅಂಚೆಯವರು. ಹಿಮ ಬಾಚಿ ಬಾಚಿ ಸೊಂಟ ಹಿಡಿದುಕೊಂಡ ಮೇಲೆ ಪೋರ್ಚುಗಲ್‌ಗೆ ಗಂಟುಮೂಟೆ ಕಟ್ಟುವುದೆಂದು ತೀರ್ಮಾನವಾಯಿತು. ಎರಡೇ ಸೂಟ್‌ಕೇಸ್ ಎಂದು ಭೀಷ್ಮ ಪ್ರತಿಜ್ಞೆ. ಸೋಫಾ ಹೋಯಿತು, ಫ್ರಿಜ್ ಹೋಯಿತು, ಹಿಮದ ಸಲಿಕೆ ನನಗೆ ಗಂಟುಬಿತ್ತು.

ಹೋಗುವ ಮುನ್ನ ಮಿನೆಸೋಟದ ಸ್ಟೇಟ್ ಪಾರ್ಕುಗಳನ್ನೆಲ್ಲ ನೋಡಿಬಿಡಬೇಕಂತೆ! ಅರವತ್ತು ವರ್ಷ ಇಲ್ಲೇ ಬಿದ್ದಿದ್ದಾಗ ಬಾರದ ಆಸೆ, ವೀಸಾಕ್ಕೆ ಅರ್ಜಿ ಹಾಕಿದೊಡನೆ ಬಂದಿದೆ. ಒಂದು ಶನಿವಾರ ನನ್ನನ್ನೂ ಇಟಾಸ್ಕಾಕ್ಕೆ ಎಳೆದೊಯ್ದರು. 1891ರಷ್ಟು ಹಳೆಯ ಪಾರ್ಕು. ಮಿಸಿಸಿಪ್ಪಿ ಹುಟ್ಟುವುದು ಅಲ್ಲೇ. ತಲಕಾವೇರಿ ಕಂಡವನಿಗೆ ಅಚ್ಚರಿಯೇನಿಲ್ಲ, ಮಹಾನದಿಗಳೆಲ್ಲ ಹುಟ್ಟುವಾಗ ಬಡಪಾಯಿಗಳೇ. ಸರೋವರದಿಂದ ನುಸುಳಿ ಬರುವ ನೀರಿಗೆ ಅಡ್ಡಲಾಗಿ ಕಲ್ಲುಗಳ ಸಾಲು. ಇಪ್ಪತ್ತೆಣಿಸುವಷ್ಟರಲ್ಲಿ ಆಚೆ ದಡ. ಅಜ್ಜ ಮಾತ್ರ ನಡುವಿನ ಪಾಚಿಗಲ್ಲಿನ ಮೇಲೆ ಜಾರಿ, ಮೊಣಕಾಲುದ್ದದ ಮಿಸಿಸಿಪ್ಪಿಯಲ್ಲಿ ನಿಂತು, "ಅಟ್ಲಾಂಟಿಕ್ ದಾಟೋನಿಗೆ ಇದ್ಯಾವ ಲೆಕ್ಕ!" ಎಂದರು. ಶೂ ಒಳಗಿಂದ ಪಚಕ್ ಪಚಕ್ ಸದ್ದು.

ಒದ್ದೆ ಶೂನಲ್ಲೇ ಅಂಗಡಿಗೆ ನುಗ್ಗಿ ಒಂದು ಮ್ಯಾಗ್ನೆಟ್ ಕೊಂಡರು. "ಅಜ್ಜಾ, ಫ್ರಿಜ್ಜೇ ಮಾರಿದಿರಲ್ಲ?" ಎಂದೆ.

"ಪೋರ್ಚುಗಲ್‌ನಲ್ಲಿ ಫ್ರಿಜ್ ಇರೋದಿಲ್ವೇನಯ್ಯಾ?"

ಈಗ ಮ್ಯಾಗ್ನೆಟ್‌ಗಳು 37. ಮೊನ್ನೆ ಮೂರನೆಯ ಸೂಟ್‌ಕೇಸ್ ಸಾಲ ಕೇಳಿಕೊಂಡು ಬಂದಿದ್ದರು.