ಗೋಡೆ ಹಾರುವುದಿಲ್ಲ

ಟೆಲಿಫೋಟೋ ಲೆನ್ಸ್ ಎಂದರೆ ದೂರದ ಹಕ್ಕಿಯನ್ನು ಹತ್ತಿರಕ್ಕೆ ಎಳೆದು ತೋರಿಸುವ, ಮಸೂರಗಳನ್ನು ಸಾಲಾಗಿ ಕೂರಿಸಿದ ಉದ್ದನೆಯ ಕೊಳವೆ. ಇದನ್ನು ಹೊಸದಾಗಿ ಕೊಂಡವನು ಮೊದಲ ದಿನ ಹಕ್ಕಿಗಳ ಗೊಡವೆಗೇ ಹೋಗುವುದಿಲ್ಲ. ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ಒಮ್ಮೆ ಗೋಡೆಯ ಕ್ಯಾಲೆಂಡರಿಗೂ ಇನ್ನೊಮ್ಮೆ ಕಿಟಕಿಯಾಚೆಯ ನೀರಿನ ಟ್ಯಾಂಕಿಗೂ ಗುರಿಯಿಟ್ಟು, ಗುಂಡಿಯನ್ನು ಅರ್ಧ ಒತ್ತಿ, ಬಿಂಬ ಸ್ಪಷ್ಟವಾಗಲು ಹಿಡಿಯುವ ಕಾಲವನ್ನು ಅಂದಾಜು ಮಾಡಿ, ಅದೇ ಪರೀಕ್ಷೆಯನ್ನು ಗೆಳೆಯನ ಲೆನ್ಸಿಗೂ ವಿಧಿಸಿ, ತನ್ನದೇ ಚುರುಕು ಎಂಬ ತೀರ್ಮಾನಕ್ಕೆ ಬರುತ್ತಾನೆ. ಅದೇ ಹೊತ್ತಿಗೆ ಗೆಳೆಯನೂ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದಿರುವುದರಿಂದ ಈ ಶಾಸ್ತ್ರದಲ್ಲಿ ಆರಂಭದಿಂದಲೂ ಎರಡು ಪಂಥಗಳಿವೆ. ಕೆಲವು ಲೆನ್ಸ್‌ಗಳು ಮೂರೂವರೆ ಮೀಟರಿಗಿಂತ ಹತ್ತಿರವಿರುವುದನ್ನು ನೋಡಲು ಒಪ್ಪದ ಕಾರಣ, ಸಣ್ಣ ಮನೆಗಳಲ್ಲಿ ಪರೀಕ್ಷಕನು ಅಡುಗೆಮನೆಯವರೆಗೂ ಹಿಂದೆ ಸರಿಯಬೇಕಾಗುತ್ತದೆ.

ಉಂಗುರವನ್ನು ಕೈಯಿಂದ ತಿರುಗಿಸಿ ಬಿಂಬವನ್ನು ಸ್ಪಷ್ಟಗೊಳಿಸುವ ಕೆಲಸವನ್ನು ಮೋಟಾರಿಗೆ ವಹಿಸುವುದೇ ಆಟೋಫೋಕಸ್. 1985ರಲ್ಲಿ ಬಂದ ಮಿನೋಲ್ಟಾ 7000 ಈ ಮೋಟಾರನ್ನು ಕ್ಯಾಮೆರಾದ ಒಡಲಲ್ಲಿಟ್ಟು, ಚಪ್ಪಟೆ ತುದಿಯ ಕಡ್ಡಿಯೊಂದರ ಮೂಲಕ ಲೆನ್ಸನ್ನು ತಿರುಗಿಸುತ್ತಿತ್ತು. 1987ರಲ್ಲಿ ಕ್ಯಾನನ್ ತನ್ನ ಇಒಎಸ್ ಕ್ಯಾಮೆರಾಗಳೊಂದಿಗೆ ಒಂದೊಂದು ಲೆನ್ಸಿಗೂ ಸ್ವಂತ ಮೋಟಾರನ್ನು ಕೊಟ್ಟು, ಅದೇ ವರ್ಷ 300 ಮಿ.ಮೀ. ಎಫ್/2.8 ಲೆನ್ಸಿನಲ್ಲಿ ಅಲ್ಟ್ರಾಸಾನಿಕ್ ಮೋಟಾರನ್ನು, ಅಂದರೆ ವಿದ್ಯುತ್ತಿನಿಂದ ಕಂಪಿಸುವ ಪಿಂಗಾಣಿಯ ಉಂಗುರದ ಅಲೆಯಿಂದಲೇ ಮಸೂರವನ್ನು ಸದ್ದಿಲ್ಲದೆ ಸರಿಸುವ ಯಂತ್ರವನ್ನು, ಅಳವಡಿಸಿತು. ಕಡ್ಡಿಯ ಸಂಪ್ರದಾಯವೂ ಅಷ್ಟು ಬೇಗ ಅಳಿಯಲಿಲ್ಲ. 2000ದಲ್ಲಿ ಬಂದ ನಿಕಾನ್ 80-400 ಲೆನ್ಸಿಗೆ ಕೈನಡುಕವನ್ನು ತಡೆಯುವ ಆಧುನಿಕ ವ್ಯವಸ್ಥೆಯಿದ್ದರೂ ಫೋಕಸ್ ಮಾತ್ರ ಕಡ್ಡಿಯಿಂದಲೇ ನಡೆಯುತ್ತಿತ್ತು. 2013ರಲ್ಲಿ ಸ್ವಂತ ಮೋಟಾರುಳ್ಳ ಉತ್ತರಾಧಿಕಾರಿ ಬರುವವರೆಗೂ ಅದರ ಒಡೆಯರು, ವೇಗದ ಮಾತು ಬಂದಾಗಲೆಲ್ಲ, ಚಿತ್ರದ ಸ್ಪಷ್ಟತೆಯ ಕಡೆಗೆ ಮಾತನ್ನು ಹೊರಳಿಸುವ ಕಲೆಯಲ್ಲಿ ಪಳಗಿದ್ದರು.

ಮೋಟಾರು ಎಷ್ಟೇ ಚುರುಕಾಗಿದ್ದರೂ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಕ್ಯಾಮೆರಾ ಹೇಳಬೇಕು. ಫೇಸ್ ಡಿಟೆಕ್ಷನ್ ಎಂಬ ಕ್ರಮದಲ್ಲಿ, ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕಿನಲ್ಲಿ ಎರಡು ಬಿಂಬಗಳನ್ನು ಪಡೆದು, ಅವು ಒಂದರಿಂದೊಂದು ಎಷ್ಟು ಸರಿದಿವೆ ಎಂಬುದರಿಂದಲೇ ಮಸೂರವು ಯಾವ ದಿಕ್ಕಿಗೆ ಎಷ್ಟು ಚಲಿಸಬೇಕೆಂದು ಲೆಕ್ಕ ಹಾಕಲಾಗುತ್ತದೆ. ಕಾಂಟ್ರಾಸ್ಟ್ ಡಿಟೆಕ್ಷನ್ ಎಂಬ ಇನ್ನೊಂದು ಕ್ರಮವು ಮಸೂರವನ್ನು ಸರಿಸುತ್ತಾ ಬಿಂಬ ಅತಿ ಸ್ಪಷ್ಟವಾಗುವ ಜಾಗವನ್ನು ಅರಸುತ್ತದೆ. ಊರು ದಾಟಿದ ಮೇಲೆ ಇಳಿಯಬೇಕಾದ ಊರು ಅದೇ ಆಗಿತ್ತೆಂದು ತಿಳಿದು ಹಿಂದಿರುಗುವ ಬಸ್ಸಿನ ಪ್ರಯಾಣಿಕನ ಸ್ಥಿತಿ ಅದರದ್ದು. ಮಬ್ಬು ಬೆಳಕಿನಲ್ಲಿ ಎರಡೂ ಕ್ರಮಗಳು ತಡವರಿಸುತ್ತವೆ, ಆಗ ಲೆನ್ಸ್ ಈ ಕೊನೆಯಿಂದ ಆ ಕೊನೆಗೆ ಅಲೆಯುತ್ತಿರುವಾಗ ಹಕ್ಕಿಯು ತನ್ನ ಕೆಲಸ ಮುಗಿಸಿಕೊಂಡು ಹೊರಟಿರುತ್ತದೆ.

ಆದ್ದರಿಂದ ವೇಗವನ್ನು ಲೆನ್ಸಿನ ಒಂಟಿ ಗುಣವೆಂದು ಎಣಿಸುವುದು ಅಷ್ಟು ಸಾಧುವಲ್ಲ. ಕ್ಯಾನನ್ನಿನ ಭಾರೀ ವೃತ್ತಿಪರ ಕ್ಯಾಮೆರಾಗಳ ಬ್ಯಾಟರಿ ಸುಮಾರು 11 ವೋಲ್ಟಿನದು, ಕೆಳದರ್ಜೆಯವುಗಳದು ಸುಮಾರು 7 ವೋಲ್ಟಿನದು, ಅದೇ ದೊಡ್ಡ ಲೆನ್ಸ್ ಒಂದರ ಮೇಲೆ ಓಡಿ, ಇನ್ನೊಂದರ ಮೇಲೆ ನಡೆಯುವುದುಂಟು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿ ದೂರವನ್ನು ಇನ್ನಷ್ಟು ಹತ್ತಿರವಾಗಿಸುವ ಎಕ್ಸ್‌ಟೆಂಡರ್ ಎಂಬ ಉಪಕರಣದ ವಿಷಯದಲ್ಲಂತೂ, ನಿಖರತೆಗಾಗಿ ಫೋಕಸ್ ವೇಗವನ್ನು 1.4 ಪಟ್ಟಿನದರಲ್ಲಿ ಶೇ. 50ರಷ್ಟು, 2 ಪಟ್ಟಿನದರಲ್ಲಿ ಶೇ. 75ರಷ್ಟು ಇಳಿಸಲಾಗುತ್ತದೆಂದು ಅದೇ ಕಂಪನಿ ತನ್ನ ಇಎಫ್ ಲೆನ್ಸ್‌ಗಳ ಬಗ್ಗೆ ಹೇಳಿಕೊಂಡಿದೆ. ಹೀಗೆ ಹಣ ತೆತ್ತು ನಿಧಾನವನ್ನು ಕೊಳ್ಳುವ ಅವಕಾಶ ಬೇರೆ ವ್ಯಾಪಾರಗಳಲ್ಲಿ ಅಪರೂಪ. ಸಿಗ್ಮಾ ಕಂಪನಿಯು ಇನ್ನೂ ಮುಂದೆ ಹೋಗಿ, ತನ್ನ ಕೆಲವು ಲೆನ್ಸ್‌ಗಳ ಫೋಕಸ್ ಬೇಗ ಸಾಗಬೇಕೋ ನಯವಾಗಿ ಸಾಗಬೇಕೋ ಎಂಬ ಆಯ್ಕೆಯನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಡಾಕ್ ಒಂದರ ಮೂಲಕ ಒಡೆಯನಿಗೇ ಬಿಟ್ಟುಕೊಟ್ಟಿದೆ.

ಗೋಡೆಯ ಪರೀಕ್ಷೆಯ ದೊಡ್ಡ ದೋಷವೆಂದರೆ ಗೋಡೆ ಹಾರುವುದಿಲ್ಲ. 400 ಮಿ.ಮೀ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/5.6ರಲ್ಲಿಟ್ಟು 10 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಸುಮಾರು 20 ಸೆಂಟಿಮೀಟರ್ ಆಳದಷ್ಟು ಜಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಎದುರಿಗೆ ಬರುವ ಹಕ್ಕಿಯು ಅಷ್ಟು ಆಳವನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಹಾಗಾಗಿ ಕ್ಯಾಮೆರಾವು ಹಕ್ಕಿ ಇರುವ ಜಾಗವನ್ನು ಬಿಟ್ಟು ಅದು ಇರಲಿರುವ ಜಾಗವನ್ನು ಲೆಕ್ಕ ಹಾಕಬೇಕಾಗುತ್ತದೆ, ಎಂದರೆ ಒಂದಿಷ್ಟು ಜ್ಯೋತಿಷ್ಯವನ್ನೂ ಅಭ್ಯಾಸ ಮಾಡಬೇಕಾಗುತ್ತದೆ.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟಿನಲ್ಲಿ, ಅಲುಗುವ ದೋಣಿಯ ಮೇಲೆ ಕೂತು ಈ ತುಲನೆಯನ್ನು ನಡೆಸಿದರೆ ಫಲಿತಾಂಶವು ಪ್ರಾಣಿಯಿಂದ ಪ್ರಾಣಿಗೆ ಬದಲಾಗುವುದು ಕಾಣುತ್ತದೆ. ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯ ಮಟ್ಟಿಗೆ ಎಲ್ಲ ಲೆನ್ಸ್‌ಗಳೂ ಸಮಾನ. ದೊಡ್ಡ ಮೈಯ ಹೆಜ್ಜಾರ್ಲೆಯು ಅವಸರವಿಲ್ಲದೆ ನೇರವಾಗಿ ಹಾರುವುದರಿಂದ, ಸಾಧಾರಣ ಲೆನ್ಸಿನ ಒಡೆಯನಿಗೂ ತಾನು ದುಬಾರಿಯದನ್ನೇ ಕೊಂಡಿರುವೆನೆಂಬ ಭ್ರಮೆಯನ್ನು ಧಾರಾಳವಾಗಿ ದಯಪಾಲಿಸುತ್ತದೆ. ನದಿ ರೀವ ಮಾತ್ರ ಗಳಿಗೆಗೊಮ್ಮೆ ದಿಕ್ಕು ಬದಲಿಸುವ ಹಕ್ಕಿ. ಅದು ಚೌಕಟ್ಟಿನಿಂದ ಒಂದಿಷ್ಟು ಜಾರಿದ ಕೂಡಲೇ ಅತಿ ಚುರುಕಿನ ಲೆನ್ಸು ಅತಿ ಚುರುಕಾಗಿ ಹಿಂದಿನ ಪೊದೆಯ ಎಲೆಗಳಿಗೆ ಫೋಕಸ್ ಮಾಡುತ್ತದೆ, ಮಂದಗತಿಯ ಲೆನ್ಸಿಗೆ ಆ ತಪ್ಪು ಮಾಡಲೂ ಪುರುಸೊತ್ತು ಸಿಗುವುದಿಲ್ಲ. ಈ ಕಾರಣಕ್ಕೇ ಈಗಿನ ಅನೇಕ ಕ್ಯಾಮೆರಾಗಳ ಮೆನುವಿನಲ್ಲಿ, ಗುರಿ ತಪ್ಪಿದಾಗ ಹೊಸ ವಸ್ತುವಿನ ಕಡೆಗೆ ಒಡನೆಯೇ ನೆಗೆಯದೆ ಸ್ವಲ್ಪ ಕಾಯುವಂತೆ ಹೇಳುವ ಆಯ್ಕೆಯೊಂದಿದೆ. ವೇಗಕ್ಕೆಂದು ಲಕ್ಷಗಟ್ಟಲೆ ಸುರಿದವರು ಮೊದಲು ಹೊಂದಿಸಿಕೊಳ್ಳುವುದು ಇದನ್ನೇ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರ ತಲೆಮಾರಿನ ಛಾಯಾಗ್ರಾಹಕರು ಆಟೋಫೋಕಸ್ ಬರುವ ಮೊದಲೇ ಹಕ್ಕಿಗಳ ಚಿತ್ರಗಳಿಂದ ಹೆಸರಾದವರು. ಅಂದು ಯಾರೂ ಒಬ್ಬರ ಮಣಿಕಟ್ಟಿನ ವೇಗವನ್ನು ಇನ್ನೊಬ್ಬರದರೊಂದಿಗೆ ಹೋಲಿಸಿ ಕೋಷ್ಟಕ ಬರೆದಂತಿಲ್ಲ. ಹಕ್ಕಿಯು ಮತ್ತೆ ಮತ್ತೆ ಬಂದು ಕೂರುವ ಕೊಂಬೆಯನ್ನು ಗುರುತಿಸಿ, ಮರೆಯಲ್ಲಿ ಅಡಗಿ, ಆ ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟು ಕಾಯುವುದು ಆ ಕಾಲದ ಪ್ರಸಿದ್ಧ ವಿಧಾನ. ಮಿಂಚುಳ್ಳಿಯಂತಹ ನಿಯತ ಅಭ್ಯಾಸದ ಹಕ್ಕಿಗೆ ಅದು ಇಂದಿಗೂ ಸಲ್ಲುತ್ತದೆ. ಈ ವಿಧಾನದಲ್ಲಿ ಯಾವುದೇ ಲೆನ್ಸ್ ಫೋಕಸ್‌ಗೆ ತೆಗೆದುಕೊಳ್ಳುವ ಕಾಲ ಸೊನ್ನೆಗೆ ಇಳಿಯುತ್ತದೆ. ಆದರೆ ಹಳೆಯ ಲೆನ್ಸನ್ನು ಮಾರಿ ಹೊಸದನ್ನು ತರಲು ಮನೆಯಲ್ಲಿ ಹೇಳಬೇಕಾದ ಕಾರಣವೂ ಅದರೊಂದಿಗೇ ಸೊನ್ನೆಗೆ ಇಳಿಯುವುದರಿಂದ, ಬಲ್ಲವರು ಈ ಉಪಾಯವನ್ನು ಅಷ್ಟಾಗಿ ಬಾಯಿಬಿಟ್ಟು ಹೇಳುವುದಿಲ್ಲ.